ಬಿತ್ತನೆಗೆ ಮುನ್ನ ಹದವಾಗುವ ನೆಲ

ಕ್ಯಾನ್ಸರ್ ಎಂಬ ಹೆಸರು ಮನೆಯೊಳಗೆ ಕಾಲಿಟ್ಟ ದಿನ ರೋಗಿಯ ಬಂಧುಗಳು ವೈದ್ಯರ ಮುಂದೆ ನಿಂತು ಮೊದಲು ಕೇಳುವ ಮಾತು ಸಾಮಾನ್ಯವಾಗಿ ಒಂದೇ: "ಎಷ್ಟನೇ ಸ್ಟೇಜು ಡಾಕ್ಟ್ರೇ, ಬೇರೆ ಕಡೆಗೇನಾದರೂ ಹರಡಿದೆಯಾ?" ವೈದ್ಯಶಾಸ್ತ್ರದ ಗಂಧವಿಲ್ಲದವರ ಬಾಯಿಂದಲೂ ತಾನಾಗಿ ಹೊರಡುವ ಈ ಪ್ರಶ್ನೆ ವ್ಯಾಧಿಯ ಮರ್ಮಸ್ಥಾನವನ್ನೇ ಮುಟ್ಟುವಂಥದು. ಹುಟ್ಟಿದೆಡೆಯಲ್ಲಿಯೇ ಉಳಿದ ಗಡ್ಡೆಯನ್ನು ಶಸ್ತ್ರವೈದ್ಯನು ಬಹುಮಟ್ಟಿಗೆ ಕತ್ತರಿಸಿ ತೆಗೆಯಬಲ್ಲನು. ಆದರೆ ಅದರಿಂದ ಬೇರ್ಪಟ್ಟ ಕೋಶಗಳು ರಕ್ತಮಾರ್ಗವನ್ನು ಹಿಡಿದು ಶ್ವಾಸಕೋಶದಲ್ಲಿಯೋ ಯಕೃತ್ತಿನಲ್ಲಿಯೋ ಎಲುಬಿನೊಳಗೋ ಹೊಸ ಬಿಡಾರ ಹೂಡಿದ ಮೇಲೆ ವೈದ್ಯನ ಕೈ ಸೋಲತೊಡಗುತ್ತದೆ. ಕ್ಯಾನ್ಸರಿನಿಂದ ಸಂಭವಿಸುವ ಮರಣಗಳಲ್ಲಿ ಬಹುಪಾಲಿಗೆ ಕಾರಣವಾಗುವುದು ಈ ಎರಡನೆಯ ವಸತಿಗಳೇ.

ಈ ವಲಸೆಯಲ್ಲಿ ವಿಚಿತ್ರವಾದ ಒಂದು ಕ್ರಮವುಂಟು. ರಕ್ತವಾದರೋ ದೇಹದ ಅಂಗಾಂಗಗಳಿಗೆಲ್ಲ ಹರಿಯತಕ್ಕದ್ದು. ಅದರಲ್ಲಿ ತೇಲಿಬಂದ ಕೋಶ ಎಲ್ಲಿ ಬೇಕಾದರೂ ನೆಲೆ ನಿಲ್ಲಬಹುದಷ್ಟೆ. ಆದರೂ ಸ್ತನದ ಕ್ಯಾನ್ಸರ್ ಎಲುಬು, ಶ್ವಾಸಕೋಶ, ಯಕೃತ್ತು, ಮೆದುಳುಗಳನ್ನು ಅರಸಿಕೊಂಡು ಹೋಗುತ್ತದೆ. ಪ್ರಾಸ್ಟೇಟ್ ಗ್ರಂಥಿಯದು ಬೆನ್ನೆಲುಬಿಗೆ ಇಳಿಯುತ್ತದೆ. ಕಣ್ಣಿನೊಳಗಣ ಮೆಲನೋಮ ಎಂಬ ಕ್ಯಾನ್ಸರ್ ವರ್ಷಗಟ್ಟಲೆ ಸುಮ್ಮನಿದ್ದು ಕಡೆಗೆ ಯಕೃತ್ತಿನಲ್ಲಿ ತಲೆಯೆತ್ತುತ್ತದೆ. ಮೈತುಂಬ ಹರಡಿಕೊಂಡು ಸದಾ ರಕ್ತದಲ್ಲಿ ತೊಯ್ಯುತ್ತಿರುವ ಮಾಂಸಖಂಡಗಳಾದರೋ ಇದರ ಕಾಟಕ್ಕೆ ಸಿಕ್ಕುವುದು ಬಲು ಅಪೂರ್ವ. ಈ ಪಕ್ಷಪಾತಕ್ಕೆ ಕಾರಣವೇನು?

ಇದನ್ನು ಹಟ ಹಿಡಿದು ಕೇಳಿದವನು ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್. ಸ್ತನದ ಕ್ಯಾನ್ಸರಿನಿಂದ ತೀರಿಕೊಂಡ 735 ಮಂದಿ ಸ್ತ್ರೀಯರ ದಾಖಲೆಗಳನ್ನು ಒಟ್ಟುಗೂಡಿಸಿ, ಯಾವ ಯಾವ ಅಂಗದಲ್ಲಿ ರೋಗ ಮರುಹುಟ್ಟು ಪಡೆದಿತ್ತೆಂದು ಎಣಿಸಿ, 1889ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಆತ ಲೇಖನವೊಂದನ್ನು ಪ್ರಕಟಿಸಿದನು. ಯಕೃತ್ತು 241 ಮಂದಿಯಲ್ಲಿ ರೋಗಕ್ಕೆ ತುತ್ತಾಗಿದ್ದರೆ ಗುಲ್ಮ ಕೇವಲ 17 ಮಂದಿಯಲ್ಲಿ. ರಕ್ತದಲ್ಲಿ ತೇಲಿಬಂದ ಕಣ ಎಲ್ಲಿ ಸಿಕ್ಕಿಕೊಂಡರೆ ಅಲ್ಲೇ ಬೆಳೆಯುವುದೆಂಬ ಅಂದಿನ ವಾದ ನಿಜವಾಗಿದ್ದಲ್ಲಿ ಎರಡು ಅಂಗಗಳ ನಡುವೆ ಇಷ್ಟು ಅಂತರವಿರಲು ಸಾಧ್ಯವಿಲ್ಲವೆಂಬುದು ಅವನ ತರ್ಕ. ಕೀವು ರಕ್ತಕ್ಕೆ ಸೇರಿ ಮೈಯೆಲ್ಲ ನಂಜಾದವರಲ್ಲಿ ಗುಲ್ಮಕ್ಕೆ ಇಂಥ ರಿಯಾಯಿತಿ ದೊರೆಯುವುದಿಲ್ಲವೆಂಬುದನ್ನೂ ಅವನು ಪಕ್ಕದಲ್ಲಿಟ್ಟು ತೋರಿಸಿದನು. ಗಿಡ ಒಣಗಿ ಬೀಜ ಸಿಡಿದಾಗ ಅದು ದಿಕ್ಕುದಿಕ್ಕಿಗೂ ಹಾರುವುದು ದಿಟ, ಆದರೆ ಒಗ್ಗುವ ಮಣ್ಣಿನಲ್ಲಿ ಬಿದ್ದದ್ದು ಮಾತ್ರ ಮೊಳೆಯುವುದೆಂಬುದು ಅವನ ಅಭಿಪ್ರಾಯದ ಸಾರಾಂಶ. ಬೀಜವನ್ನು ಪರೀಕ್ಷಿಸುವವರು ಬೇಕಾದಷ್ಟು ಜನರಿದ್ದಾರೆ, ಮಣ್ಣನ್ನೂ ಯಾರಾದರೂ ಪರೀಕ್ಷಿಸಿ ನೋಡಬಾರದೆ, ಎಂಬ ಧಾಟಿಯಲ್ಲಿ ಅವನು ಬರೆದದ್ದು. ತಂದೆ ಸರ್ ಜೇಮ್ಸ್ ಪ್ಯಾಜೆಟನ ಹೆಸರು ಎರಡು ಮೂರು ವ್ಯಾಧಿಗಳಿಗೇ ಅಂಟಿಕೊಂಡು ವೈದ್ಯವಿದ್ಯಾರ್ಥಿಗಳ ನಾಲಗೆಯ ಮೇಲೆ ಇಂದಿಗೂ ನಲಿಯುತ್ತಿದೆ. ಅಷ್ಟು ಪ್ರಸಿದ್ಧಿ ಮಗನಿಗೆ ಬರಲಿಲ್ಲವಾದರೂ, ಮಗನ ಈ ಪ್ರಶ್ನೆಯ ಆಯುಸ್ಸು ಅದಕ್ಕಿಂತ ಗಟ್ಟಿಯಾದದ್ದೆಂದು ನನಗೆ ತೋರುತ್ತದೆ.

ಪ್ರಶ್ನೆಗೆ ತತ್ಕಾಲದಲ್ಲಿ ಗೌರವ ಸಿಕ್ಕಲಿಲ್ಲ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ನ್ಯೂಯಾರ್ಕಿನ ಜೇಮ್ಸ್ ಯೂಯಿಂಗ್ ಎಂಬ ಪ್ರಭಾವಶಾಲಿ ರೋಗಶಾಸ್ತ್ರಜ್ಞರು, ಮಣ್ಣಿನ ಮಾತು ಅನಾವಶ್ಯಕ, ರಕ್ತನಾಳಗಳ ಜೋಡಣೆಯೊಂದರಿಂದಲೇ ಎಲ್ಲವನ್ನೂ ವಿವರಿಸಬಹುದೆಂದು ವಾದಿಸಿದರು. ಅವರ ವಾದ ಪೂರ್ತಿ ಸುಳ್ಳೇನೂ ಅಲ್ಲ; ದೊಡ್ಡಕರುಳಿನ ರಕ್ತ ನೇರವಾಗಿ ಯಕೃತ್ತಿಗೆ ಹರಿಯುವುದರಿಂದಲೇ ಕರುಳಿನ ಕ್ಯಾನ್ಸರಿಗೆ ಯಕೃತ್ತು ಮೊದಲ ತಂಗುದಾಣವಾಗುತ್ತದೆ. ಆದರೆ ಕಾಲುವೆಯ ದಿಕ್ಕಿನಿಂದ ಎಲ್ಲವೂ ತೀರ್ಮಾನವಾಗುವುದಿಲ್ಲವೆಂಬುದನ್ನು ಅಮೆರಿಕದ ಐಸಾಯ ಫಿಡ್ಲರ್ ಇಲಿಗಳ ಮೇಲಿನ ಪ್ರಯೋಗಗಳಿಂದ ಸ್ಥಾಪಿಸಿದರು. ರಕ್ತಕ್ಕೆ ಸೇರಿಸಿದ ಕ್ಯಾನ್ಸರ್ ಕೋಶಗಳಲ್ಲಿ ಒಂದು ದಿನ ಕಳೆಯುವಷ್ಟರಲ್ಲಿ ಸಾವಿರಕ್ಕೆ ಒಂದರಷ್ಟು ಕೂಡ ಬದುಕಿ ಉಳಿಯುವುದಿಲ್ಲವೆಂದು ಅವರಿಗೆ ತಿಳಿದದ್ದು 1970ರ ಸುಮಾರಿಗೆ. ಹತ್ತು ವರ್ಷಗಳ ತರುವಾಯ ಅವರೂ ಹಾರ್ಟ್ ಎಂಬ ಅವರ ಸಹೋದ್ಯೋಗಿಯೂ ಕೂಡಿ ಇಲಿಯ ತೊಡೆಯ ಮಾಂಸದಲ್ಲಿ ಶ್ವಾಸಕೋಶದ, ಅಂಡಾಶಯದ, ಮೂತ್ರಪಿಂಡದ ಚೂರುಗಳನ್ನು ನೆಟ್ಟು, ಅವು ಅಲ್ಲಿ ಬೇರೂರಿದ ಮೇಲೆ ಮೆಲನೋಮ ಕೋಶಗಳನ್ನು ರಕ್ತಕ್ಕೆ ಬಿಟ್ಟು ನೋಡಿದರು. ಶ್ವಾಸಕೋಶದ ಚೂರಿನಲ್ಲಿ ಗಡ್ಡೆ ಬಂದಿತು, ಅಂಡಾಶಯದ ಚೂರಿನಲ್ಲಿಯೂ ಬಂದಿತು. ಅದೇ ತೊಡೆಯಲ್ಲಿ ಅದೇ ರಕ್ತವನ್ನುಂಡ ಮೂತ್ರಪಿಂಡದ ಚೂರಿನಲ್ಲಿ ಬರಲಿಲ್ಲ. ಮಣ್ಣಿನ ಪಾತ್ರವನ್ನು ಅಲ್ಲಗಳೆಯುವುದು ಅಲ್ಲಿಂದ ಮುಂದೆ ಕಷ್ಟವಾಯಿತು.

ಇನ್ನು ಉಳಿದದ್ದು ಮತ್ತಷ್ಟು ಸೂಕ್ಷ್ಮವಾದ ಸಂದೇಹ. ಮಣ್ಣಿನ ಗುಣ ಹುಟ್ಟಿನಿಂದಲೇ ಬಂದದ್ದೋ, ಅಥವಾ ಅದನ್ನು ಯಾರಾದರೂ ಹದಗೊಳಿಸುತ್ತಾರೋ? ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಮಹಾವಿದ್ಯಾಲಯದ ಡೇವಿಡ್ ಲೈಡನ್, ರೊಸಾಂಡ್ರ ಕಾಪ್ಲಾನ್ ಮತ್ತು ಸಂಗಡಿಗರು 2005ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದಕ್ಕೆ ಅಚ್ಚರಿಯ ಉತ್ತರವೊಂದನ್ನು ಕೊಟ್ಟರು. ಗಡ್ಡೆಯನ್ನು ನೆಟ್ಟ ಇಲಿಗಳ ಶ್ವಾಸಕೋಶದಲ್ಲಿ, ಒಂದೇ ಒಂದು ಕ್ಯಾನ್ಸರ್ ಕೋಶವೂ ಬಂದು ತಲಪುವುದಕ್ಕೆ ಹಲವು ದಿನ ಮೊದಲೇ, ಇಲಿಯ ಸ್ವಂತ ಅಸ್ಥಿಮಜ್ಜೆಯಿಂದ ಹೊರಟ ಕೋಶಗಳು ಅಲ್ಲಲ್ಲಿ ಗುಂಪು ಕಟ್ಟಿಕೊಂಡು ಕುಳಿತಿದ್ದುವು. ಅನಂತರ ಬಂದ ಕ್ಯಾನ್ಸರ್ ಕೋಶಗಳು ಸರಿಯಾಗಿ ಆ ಗುಂಪುಗಳಿದ್ದೆಡೆಯಲ್ಲಿಯೇ ನೆಲಸಿದುವು. ಮತ್ತೂ ಒಂದು ಸಂಗತಿ ಕಂಡಿತು. ಮೆಲನೋಮ ಕೋಶಗಳನ್ನು ಬೆಳೆಸಿ, ಕೋಶಗಳನ್ನೆಲ್ಲ ಸೋಸಿ ತೆಗೆದು, ಉಳಿದ ದ್ರವವನ್ನು ಮಾತ್ರ ಇಲಿಗೆ ಚುಚ್ಚಿದಾಗ, ಸಾಧಾರಣವಾಗಿ ಶ್ವಾಸಕೋಶವನ್ನು ಬಿಟ್ಟು ಕದಲದ ಬೇರೊಂದು ಜಾತಿಯ ಕ್ಯಾನ್ಸರ್ ಮೆಲನೋಮದ ಹಾದಿಗಳನ್ನೇ ಹಿಡಿದು ಗುಲ್ಮ, ಕರುಳು, ಮೂತ್ರಪಿಂಡಗಳಿಗೂ ಹೋಯಿತು. ಕೋಶವೇ ಇಲ್ಲದ ದ್ರವದಲ್ಲಿ ಹಾದಿಯನ್ನು ತೋರಿಸುವಂಥದು ಏನೋ ಇತ್ತೆಂದಾಯಿತು. ಆ 'ಏನೋ' ಎಂಬುದರ ಬಹುಮುಖ್ಯವಾದ ಒಂದು ಭಾಗವೇ ಎಕ್ಸೋಸೋಮ್.

ಎಕ್ಸೋಸೋಮಿನ ಪೂರ್ವಕಥೆಗೂ ಕ್ಯಾನ್ಸರಿಗೂ ಯಾವ ನಂಟೂ ಇರಲಿಲ್ಲ. ಅದು ಪ್ರಾರಂಭವಾದದ್ದು ಕುರಿಯ ರಕ್ತದಿಂದ. ಪೋಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಕೆನಡಕ್ಕೆ ಬಂದು, ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಜೀವರಸಾಯನದ ಪ್ರಾಧ್ಯಾಪಕಿಯಾಗಿದ್ದ ರೋಸ್ ಜಾನ್‌ಸ್ಟನ್ ಎಂಬ ವಿದುಷಿ, ಎಳೆಯ ಕೆಂಪು ರಕ್ತಕಣ ಬಲಿಯುವಾಗ ಅದರ ಮೇಲ್ಮೈಯ ಪ್ರೋಟೀನುಗಳು ಏನಾಗುತ್ತವೆಂಬುದನ್ನು ಅಭ್ಯಾಸ ಮಾಡುತ್ತಿದ್ದರು. ಎಳೆಯ ಕಣಕ್ಕೆ ಹೀಮೊಗ್ಲೋಬಿನ್ ತಯಾರಿಸುವ ಸಲುವಾಗಿ ಕಬ್ಬಿಣ ಬೇಕು. ಕಬ್ಬಿಣವನ್ನು ಹೊತ್ತು ತರುವ ಟ್ರಾನ್ಸ್‌ಫೆರಿನ್ನನ್ನು ಹಿಡಿದುಕೊಳ್ಳಲು ಅದರ ಹೊರಮೈ ತುಂಬ ಗ್ರಾಹಕ ಪ್ರೋಟೀನುಗಳಿರುತ್ತವೆ. ಕಣ ಬಲಿತ ಮೇಲೆ ಆ ಗ್ರಾಹಕಗಳು ಒಂದೂ ಕಾಣವು. ಕೋಶದೊಳಗೇ ಕರಗಿಹೋದುವೆಂದು ಊಹಿಸುವುದು ಸಹಜವಾಗಿತ್ತು. ಜಾನ್‌ಸ್ಟನ್ ಮತ್ತು ಪ್ಯಾನ್ ಎಂಬ ಅವರ ಸಹಾಯಕರು ಕಣಗಳನ್ನು ಇಟ್ಟಿದ್ದ ದ್ರವವನ್ನು ಚೆಲ್ಲಿಬಿಡದೆ, ಭೂಮಿಯ ಸೆಳೆತಕ್ಕಿಂತ ಲಕ್ಷಪಟ್ಟು ಬಲದಿಂದ ತಿರುಗುವ ಸೆಂಟ್ರಿಫ್ಯೂಜಿನಲ್ಲಿಟ್ಟು ಗಿರಗಿರನೆ ತಿರುಗಿಸಿದಾಗ ತಳದಲ್ಲಿ ಚಿಟಿಕೆಯಷ್ಟು ಗಷ್ಟು ನಿಂತಿತು. ಕಾಣೆಯಾದ ಗ್ರಾಹಕಗಳು ಆ ಗಷ್ಟಿನಲ್ಲಿದ್ದುವು, ಅದೂ ಪೊರೆಯಿಂದ ಸುತ್ತಿಕೊಂಡ ಅತಿ ಸಣ್ಣ ಚೀಲಗಳ ಮೇಲೆ. ಇದು 1983ನೆಯ ಇಸವಿಯ ಮಾತು. ಅದೇ ವರ್ಷ ಸೇಂಟ್ ಲೂಯಿ ನಗರದಲ್ಲಿ ಹಾರ್ಡಿಂಗ್, ಹ್ಯೂಸರ್, ಸ್ಟಾಲ್ ಎಂಬ ಮೂವರು, ಇಲಿಯ ರಕ್ತದ ಎಳೆಯ ಕಣಗಳಲ್ಲಿ ಟ್ರಾನ್ಸ್‌ಫೆರಿನ್ನಿಗೆ ಚಿನ್ನದ ಹುಡಿಯನ್ನು ಗುರುತಾಗಿ ಅಂಟಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಈ ಚೀಲಗಳು ಹೊರಬೀಳುತ್ತಿರುವುದನ್ನೇ ಕಂಡರು. ಎರಡು ಕಡೆಯವರೂ ಒಬ್ಬರಿಗೊಬ್ಬರು ಹೇಳಿಕೊಂಡು ಮಾಡಿದ ಕೆಲಸವಲ್ಲ.

ಚೀಲ ಹುಟ್ಟುವ ಬಗೆಯನ್ನು ಸ್ವಲ್ಪ ವಿವರಿಸಬೇಕು. ಕೋಶದ ಹೊರಪೊರೆ ಒಂದೆಡೆ ಒಳಕ್ಕೆ ಕುಗ್ಗಿ, ಕಳಚಿ, ಕೋಶದ ಒಡಲಿನೊಳಗೆ ಒಂದು ಗುಳ್ಳೆಯಾಗುತ್ತದೆ. ಆ ಗುಳ್ಳೆಯ ಗೋಡೆ ಮತ್ತೆ ತನ್ನೊಳಕ್ಕೇ ಹತ್ತಾರು ಕಡೆ ಕುಗ್ಗಿ ಕಳಚಿದಾಗ ದೊಡ್ಡ ಗುಳ್ಳೆಯ ಹೊಟ್ಟೆ ತುಂಬ ಕಿರುಗುಳ್ಳೆಗಳಾಗುತ್ತವೆ. ಹೀಗೆ ಕಳಚುವಾಗ ಸುತ್ತಮುತ್ತಲಿನ ಜೀವರಸದ ಒಂದಂಶವನ್ನು ಅವು ಒಳಗೆ ಹಿಡಿದುಕೊಳ್ಳುತ್ತವೆ. ಕೊನೆಗೆ ದೊಡ್ಡ ಗುಳ್ಳೆ ಅಂಚಿಗೆ ಸರಿದು ಹೊರಪೊರೆಯೊಡನೆ ಬೆರೆತುಕೊಂಡಾಗ ಒಳಗಿದ್ದ ಕಿರುಗುಳ್ಳೆಗಳೆಲ್ಲ ಹೊರಕ್ಕೆ ಸುರಿಯುತ್ತವೆ. ಅವೇ ಎಕ್ಸೋಸೋಮುಗಳು. ಅಡ್ಡಳತೆ 30ರಿಂದ 150 ನ್ಯಾನೊಮೀಟರು, ಎಂದರೆ ನಡುಗಾತ್ರದವನ್ನು ಒಂದು ಕೆಂಪು ರಕ್ತಕಣದ ಅಗಲಕ್ಕೆ ಎಪ್ಪತ್ತೈದರಷ್ಟು ಸಾಲಾಗಿ ಜೋಡಿಸಬಹುದು. ಸಾಧಾರಣ ಸೂಕ್ಷ್ಮದರ್ಶಕಕ್ಕೆ ಅವು ಗೋಚರಿಸಲಾರವು. ಒಳಗೆ ಪ್ರೋಟೀನುಗಳು, ಆರ್‌ಎನ್‌ಎ ತುಣುಕುಗಳು; ಹೊರಮೈಯಲ್ಲಿ ತಾಯಿಕೋಶದ ಗುರುತುಗಳು, ಅದೂ ತಾಯಿಕೋಶದಲ್ಲಿ ಹೊರಮುಖವಾಗಿದ್ದುದು ಇಲ್ಲಿಯೂ ಹೊರಮುಖವಾಗಿಯೇ. ಈ ಕಡೆಯ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಅಗತ್ಯ ಬೀಳುತ್ತದೆ.

ಬಹುಕಾಲ ಇದನ್ನು ಕೋಶದ ಕಸವೆಂದೇ ಎಲ್ಲರೂ ಭಾವಿಸಿದ್ದರು. ಕಸಕ್ಕೂ ಕೆಲಸವುಂಟೆಂಬುದು ಹಂತಹಂತವಾಗಿ ತಿಳಿಯಿತು: 1996ರಲ್ಲಿ ರಪೋಸೊ ಎಂಬವರೂ ಸಂಗಡಿಗರೂ ರೋಗನಿರೋಧಕ ಕೋಶಗಳ ಎಕ್ಸೋಸೋಮುಗಳು ಇತರ ಕೋಶಗಳನ್ನು ಕೆರಳಿಸಬಲ್ಲವೆಂದು ತೋರಿಸಿದರು, 2007ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ವಲಾದಿ ಮತ್ತು ಲೊಟ್‌ವಾಲ್ ಇಲಿಯ ಕೋಶಗಳ ಎಕ್ಸೋಸೋಮುಗಳನ್ನು ಮನುಷ್ಯನ ಕೋಶಗಳಿಗೆ ಉಣಿಸಿದಾಗ ಮನುಷ್ಯಕೋಶಗಳೊಳಗೆ ಇಲಿಯ ಪ್ರೋಟೀನು ತಯಾರಾಯಿತು. ಒಂದು ಕೋಶದ ಆದೇಶ ಚೀಲದೊಳಗೆ ಕುಳಿತು ಹೋಗಿ ಇನ್ನೊಂದು ಕೋಶದಲ್ಲಿ ಜಾರಿಯಾಗಬಲ್ಲುದೆಂದು ಇದರಿಂದ ವ್ಯಕ್ತವಾದ ಮೇಲೆ ಕ್ಯಾನ್ಸರ್ ಶಾಸ್ತ್ರಜ್ಞರು ಕಿವಿ ನಿಮಿರಿಸಿದ್ದರಲ್ಲಿ ಆಶ್ಚರ್ಯವೇನು? ಲೈಡನ್ನರ ತಂಡವೇ 2012ರಲ್ಲಿ ಮೆಲನೋಮದ ಎಕ್ಸೋಸೋಮುಗಳು ಅಸ್ಥಿಮಜ್ಜೆಯ ಕೋಶಗಳಿಗೆ ಮೆಟ್ ಎಂಬ ಪ್ರೋಟೀನನ್ನು ಒಯ್ದುಕೊಟ್ಟು ಅವುಗಳ ನಡತೆಯನ್ನು ಕೆಡಿಸುವುದನ್ನು ವರದಿ ಮಾಡಿತು. ಏಳು ವರ್ಷ ಹಿಂದೆ ಆ ಕೋಶವಿಲ್ಲದ ದ್ರವದಲ್ಲಿ ಅಡಗಿದ್ದುದರ ಸುಳಿವು ಹೀಗೆ ಸಿಕ್ಕಿತು.

ಈ ಎಲ್ಲ ಪ್ರಯೋಗಗಳ ಪೈಕಿ ನನ್ನ ಮಟ್ಟಿಗೆ ಅತ್ಯಂತ ಮನೋಜ್ಞವಾದುದು ಅದೇ ತಂಡದ ಅಯುಕೊ ಹೊಶಿನೊ ಮತ್ತು ಇತರರು 2015ರಲ್ಲಿ ಪ್ರಕಟಿಸಿದ್ದು. ಒಂದೇ ಸ್ತನದ ಕ್ಯಾನ್ಸರಿನಿಂದ ಬಂದ ಕೋಶಸಂತತಿಯಲ್ಲಿ ಶ್ವಾಸಕೋಶಕ್ಕೆ ಹೋಗುವ ಚಾಳಿಯುಳ್ಳ ಒಂದು ಕವಲು, ಎಲುಬಿಗೆ ಹೋಗುವ ಒಂದು ಕವಲು, ಮೆದುಳಿಗೆ ಹೋಗುವ ಒಂದು ಕವಲು, ಹೀಗೆ ಬೇರೆಬೇರೆಯಾಗಿ ಆರಿಸಿ ಬೆಳೆಸಿದವುಗಳು ಪ್ರಯೋಗಶಾಲೆಯಲ್ಲಿದ್ದುವು. ಪ್ರತಿಯೊಂದರ ಎಕ್ಸೋಸೋಮುಗಳನ್ನು ಬೇರ್ಪಡಿಸಿ, ಹೊಳೆಯುವ ಬಣ್ಣ ಹಚ್ಚಿ, ಆರೋಗ್ಯವಾದ ಇಲಿಗಳ ರಕ್ತಕ್ಕೆ ಸೇರಿಸಿ, ಒಂದು ದಿನ ಬಿಟ್ಟು ನೋಡಿದರೆ, ತಾಯಿಕೋಶಗಳು ಯಾವ ಅಂಗವನ್ನು ಅರಸುತ್ತಿದ್ದುವೋ ಚೀಲಗಳೂ ಅದೇ ಅಂಗದಲ್ಲಿ ಹೊಳೆಯುತ್ತಿದ್ದುವು. ಮೊದಲೇ ಹೇಳಿದ ಆ ಹೊರಮೈಯ ಗುರುತುಗಳಲ್ಲಿ ಇದರ ಗುಟ್ಟಿತ್ತು. ಇಂಟೆಗ್ರಿನ್ ಎಂಬ ಪ್ರೋಟೀನುಗಳು ಕೋಶಗಳು ಸುತ್ತಲ ಹಂದರವನ್ನು ಹಿಡಿದುಕೊಳ್ಳುವ ಕೈಗಳು. ಅವುಗಳಲ್ಲಿ ಹಲವು ಬಗೆ. ಆಲ್ಫಾ-6 ಬೀಟಾ-4, ಆಲ್ಫಾ-6 ಬೀಟಾ-1 ಎಂಬುವನ್ನು ಹೊತ್ತ ಎಕ್ಸೋಸೋಮುಗಳು ಶ್ವಾಸಕೋಶದಲ್ಲಿ ಇಳಿದುವು. ಆಲ್ಫಾ-ವಿ ಬೀಟಾ-5 ಎಂಬುದನ್ನು ಹೊತ್ತವು ಯಕೃತ್ತಿನಲ್ಲಿ. ಬೀಟಾ-4 ತಯಾರಾಗದಂತೆ ತಡೆದಾಗ ಶ್ವಾಸಕೋಶದಲ್ಲಿ ಚೀಲಗಳು ಇಳಿಯುವುದು ಕುಗ್ಗಿತು.

ಅಷ್ಟಕ್ಕೇ ನಿಲ್ಲದೆ ಅವರು ವಿಚಾರವನ್ನು ತಲೆಕೆಳಗು ಮಾಡಿ ನೋಡಿದರು. ಶ್ವಾಸಕೋಶಪ್ರಿಯ ಕವಲಿನ ಎಕ್ಸೋಸೋಮುಗಳನ್ನು ಇಲಿಗಳಿಗೆ ಕೆಲವು ವಾರ ಮತ್ತೆ ಮತ್ತೆ ಚುಚ್ಚಿ, ತರುವಾಯ ಎಲುಬಿಗೆ ಹೋಗುವ ಚಾಳಿಯ ಕೋಶಗಳನ್ನು ರಕ್ತಕ್ಕೆ ಬಿಟ್ಟರು. ಶ್ವಾಸಕೋಶದ ಗೊಡವೆಗೆ ಹೆಚ್ಚಾಗಿ ಹೋಗದಿದ್ದ ಆ ಕೋಶಗಳು ಈಗ ಶ್ವಾಸಕೋಶವನ್ನೇ ತುಂಬಿದುವು. ಮದುವೆಯ ದಿಬ್ಬಣ ಬರುವ ಹಿಂದಿನ ದಿನವೇ ಅಡುಗೆಯವರು ಛತ್ರಕ್ಕೆ ಬಂದು ಒಲೆ ಹೂಡಿ, ಕೊಪ್ಪರಿಗೆ ತೊಳೆಸಿ, ನೀರು ತುಂಬಿಸಿಡುತ್ತಾರಲ್ಲವೆ. ಇಲ್ಲಿ ಒಂದು ದಿಬ್ಬಣದವರು ಕಳಿಸಿದ ಅಡುಗೆಯವರು ಸಿದ್ಧಮಾಡಿಟ್ಟ ಛತ್ರಕ್ಕೆ ಬೇರೆ ದಿಬ್ಬಣವೇ ಬಂದು ಊಟಕ್ಕೆ ಕುಳಿತಂತಾಯಿತು. ಬೀಜದ ಸ್ವಭಾವ ಬದಲಾಗಲಿಲ್ಲ. ನೆಲ ಬದಲಾಯಿತು, ಬೆಳೆ ಬಂದಿತು. ಪ್ಯಾಜೆಟ್ ಬದುಕಿದ್ದು ಈ ಪ್ರಯೋಗವನ್ನು ನೋಡಿದ್ದರೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಚೀಲ ಇಳಿದ ಮೇಲೆ ಅಂಗದೊಳಗೆ ಏನು ನಡೆಯುತ್ತದೆ? ಯಕೃತ್ತಿನ ವಿಷಯದಲ್ಲಿ ಇದು ತಕ್ಕಮಟ್ಟಿಗೆ ವಿಶದವಾಗಿದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಬಹು ಕ್ರೂರವಾದುದು, ಅದು ಮೊದಲು ಹಾಯುವುದು ಯಕೃತ್ತಿನ ಮೇಲೆ. ಅದರ ಎಕ್ಸೋಸೋಮುಗಳನ್ನು ಯಕೃತ್ತಿನ ಕಾವಲುಗಾರರಾದ ಕುಪ್ಫರ್ ಕೋಶಗಳು ಹೊರಗಿನ ಕಸವೆಂದು ನುಂಗುತ್ತವೆ. ಕಸವನ್ನು ನುಂಗುವುದೇ ಅವುಗಳ ಧರ್ಮ. ಚೀಲದೊಳಗಿರುವ ಮಿಫ್ ಎಂಬ ಪ್ರೋಟೀನು ಆ ಕೋಶಗಳನ್ನು ಟಿಜಿಎಫ್-ಬೀಟಾ ಎಂಬ ರಾಸಾಯನಿಕವನ್ನು ಸ್ರವಿಸುವಂತೆ ಪ್ರೇರಿಸುತ್ತದೆ. ಅದರ ಪ್ರಭಾವಕ್ಕೆ ಸಿಕ್ಕಿದ ನೆರೆಯ ನಕ್ಷತ್ರಾಕಾರದ ಕೋಶಗಳು ಫೈಬ್ರೊನೆಕ್ಟಿನ್ ಎಂಬ ಅಂಟುನಾರನ್ನು ಹೆಣೆಯತೊಡಗುತ್ತವೆ. ಆ ನಾರಿನ ಹಂದರಕ್ಕೆ ಅಸ್ಥಿಮಜ್ಜೆಯಿಂದ ಬಂದ ಕೋಶಗಳು ತಗುಲಿಕೊಂಡು ನಿಲ್ಲುತ್ತವೆ. ಆಮೇಲೆ ಬರುವ ಕ್ಯಾನ್ಸರ್ ಕೋಶಕ್ಕೆ ಹಾಸಿಗೆ ಹಾಸಿಟ್ಟಂತೆಯೇ. ಲೈಡನ್ನರ ತಂಡದ ಕೋಸ್ಟ-ಸಿಲ್ವ ಮತ್ತಿತರರು 2015ರಲ್ಲಿ ಬರೆದ ಈ ವೃತ್ತಾಂತದಲ್ಲಿ ರೋಗಿಗಳ ವಿಷಯವೂ ಉಂಟು: ಗ್ರಂಥಿಯ ಕ್ಯಾನ್ಸರ್ ಇನ್ನೂ ಮೊದಲ ಹಂತದಲ್ಲಿದ್ದ ರೋಗಿಗಳ ಪೈಕಿ, ಮುಂದೆ ಯಕೃತ್ತಿಗೆ ರೋಗ ಹರಡಿದವರ ಎಕ್ಸೋಸೋಮುಗಳಲ್ಲಿ ಮಿಫ್‌ನ ಪ್ರಮಾಣ ಹೆಚ್ಚಾಗಿದ್ದಿತು. ಯಾವ ಸ್ಕ್ಯಾನಿನಲ್ಲಿಯೂ ಯಕೃತ್ತಿನಲ್ಲಿ ಕಲೆ ಕಾಣುವುದಕ್ಕೆ ಮೊದಲಿನ ಮಾತು ಇದು.

ನೆಲವೂ ಸುಮ್ಮನೆ ಬಿದ್ದಿರುವುದಿಲ್ಲ. ಮೆದುಳಿಗೆ ಬಂದು ತಂಗಿದ ಕ್ಯಾನ್ಸರ್ ಕೋಶಗಳಲ್ಲಿ, ಬೆಳವಣಿಗೆಗೆ ಲಗಾಮು ಹಾಕತಕ್ಕ ಪಿಟೆನ್ ಎಂಬ ಪ್ರೋಟೀನು ಇಲ್ಲವಾಗಿರುವುದನ್ನು ಟೆಕ್ಸಾಸಿನ ಎಂ. ಡಿ. ಆ್ಯಂಡರ್‌ಸನ್ ಕ್ಯಾನ್ಸರ್ ಕೇಂದ್ರದ ದಿಹುವಾ ಯು ಅವರ ತಂಡ ಗಮನಿಸಿತು. ಆ ಕೋಶಗಳ ಜೀನು ಹಾಳಾಗಿರಬೇಕೆಂದುಕೊಂಡರೆ, ಅದೇ ಕೋಶಗಳನ್ನು ಮೆದುಳಿನಿಂದ ತೆಗೆದು ಹೊರಗೆ ಬೆಳೆಸಿದಾಗ ಪಿಟೆನ್ ಮರಳಿ ಬಂದಿತು! ಮೆದುಳಿನ ಪೋಷಕ ಕೋಶಗಳಾದ ಆಸ್ಟ್ರೊಸೈಟುಗಳು ತಮ್ಮ ಎಕ್ಸೋಸೋಮುಗಳಲ್ಲಿ ಒಂದು ಕಿರು ಆರ್‌ಎನ್‌ಎಯನ್ನು ಕಳಿಸಿ ಆ ಜೀನಿನ ಬಾಯಿ ಮುಚ್ಚಿಸುತ್ತಿದ್ದುವು. ದೇಹದ ಸ್ವಂತ ಕೋಶವೇ ವೈರಿಯ ಲಗಾಮನ್ನು ಬಿಚ್ಚಿಕೊಟ್ಟ ಈ ಸಂಗತಿ 2015ರಲ್ಲಿಯೇ ಪ್ರಕಟವಾಯಿತು. ಇದನ್ನು ಓದಿದ ಮೇಲೆ ಬೀಜವೆಷ್ಟು ಮಣ್ಣೆಷ್ಟು ಎಂದು ಗೆರೆ ಎಳೆಯಲು ಕೈ ಹಿಂಜರಿಯುತ್ತದೆ.

ಇಷ್ಟನ್ನು ಕೇಳಿದವರು ಎಕ್ಸೋಸೋಮನ್ನು ಒಂದು ದುಷ್ಟ ಕಣವೆಂದು ಭಾವಿಸಿಬಿಡುವ ಅಪಾಯವಿದೆ. ಅದು ಹಾಗಲ್ಲ. ನಮ್ಮ ದೇಹದ ಹೆಚ್ಚುಕಡಿಮೆ ಎಲ್ಲ ಕೋಶಗಳೂ ಇವನ್ನು ಹೊರಸೂಸುತ್ತವೆ. ಎದೆಹಾಲಿನಲ್ಲಿ, ಜೊಲ್ಲಿನಲ್ಲಿ, ಕಣ್ಣೀರಿನಲ್ಲಿ, ಮೂತ್ರದಲ್ಲಿ ಇವು ಇದ್ದೇ ಇವೆ. ಕ್ಯಾನ್ಸರ್ ಹೊಸತೇನನ್ನೂ ನಿರ್ಮಿಸಲಿಲ್ಲ. ದೇಹದಲ್ಲಿ ಆಗಲೇ ಇದ್ದ ರೂಢಿಯನ್ನು ತನ್ನ ಸ್ವಾರ್ಥಕ್ಕೆ ತಿರುಗಿಸಿಕೊಂಡಿತು. ರೋಗನಿರೋಧಕ ಕೋಶಗಳ ಕೈ ಕಟ್ಟುವ ಪಿಡಿ-ಎಲ್1 ಎಂಬ ಪ್ರೋಟೀನನ್ನು ಮೆಲನೋಮ ಗಡ್ಡೆಗಳು ಎಕ್ಸೋಸೋಮುಗಳ ಮೇಲೆ ಹೊರಿಸಿ ರಕ್ತಕ್ಕೆ ಬಿಡುತ್ತವೆಂಬುದು 2018ರಲ್ಲಿ ಬೆಳಕಿಗೆ ಬಂದಿತು. ಹಾಗಾದರೆ ಎಕ್ಸೋಸೋಮುಗಳ ಉತ್ಪತ್ತಿಯನ್ನೇ ನಿಲ್ಲಿಸುವ ಔಷಧವೊಂದನ್ನು ಏಕೆ ಕೊಡಬಾರದೆಂದು ಕೇಳಬಹುದು. ಆರೋಗ್ಯವಂತ ಕೋಶಗಳ ವ್ಯವಹಾರವೂ ಅದರೊಡನೆ ನಿಂತುಹೋಗುವುದೆಂಬ ತೊಡಕಿನಿಂದಾಗಿ ಆ ಉಪಾಯ ಕಾರ್ಯರೂಪಕ್ಕೆ ಬಂದಿಲ್ಲ.

ಸಂಶಯಕ್ಕೂ ಇಲ್ಲಿ ಎಡೆಯುಂಟು, ಅದನ್ನು ಮುಚ್ಚಿಡುವುದು ಸಲ್ಲದು. ಮೇಲೆ ಹೇಳಿದವುಗಳಲ್ಲಿ ಬಹುಪಾಲು ಇಲಿಗಳ ಮೇಲೆ ನಡೆದದ್ದು. ಪಾತ್ರೆಯಲ್ಲಿ ಬೆಳೆಸಿದ ಕೋಶಗಳಿಂದ ಚೀಲಗಳನ್ನು ರಾಶಿರಾಶಿಯಾಗಿ ಸಂಗ್ರಹಿಸಿ ಒಮ್ಮೆಗೇ ಚುಚ್ಚುವುದಕ್ಕೂ, ರೋಗಿಯ ಗಡ್ಡೆ ತಿಂಗಳುಗಟ್ಟಲೆ ಹನಿಹನಿಯಾಗಿ ಅವನ್ನು ಸೂಸುವುದಕ್ಕೂ ವ್ಯತ್ಯಾಸವಿದೆ. ಸೆಂಟ್ರಿಫ್ಯೂಜಿನ ತಳದಲ್ಲಿ ನಿಲ್ಲುವ ಗಷ್ಟು ಶುದ್ಧ ಎಕ್ಸೋಸೋಮಲ್ಲ. ರಕ್ತದ ಕೊಬ್ಬಿನ ಕಣಗಳು, ಪ್ರೋಟೀನಿನ ಮುದ್ದೆಗಳು, ಬೇರೆ ದಾರಿಯಿಂದ ಹುಟ್ಟಿದ ಚೀಲಗಳು ಅದರಲ್ಲಿ ಬೆರೆತಿರುತ್ತವೆ. ಪೊರೆಯೇ ಇಲ್ಲದ ಇನ್ನೂ ಚಿಕ್ಕ ಕಣಗಳನ್ನು ಲೈಡನ್ನರ ತಂಡವೇ 2018ರಲ್ಲಿ ಬೇರ್ಪಡಿಸಿ ತೋರಿಸಿತು. ಯಾವ ಪರೀಕ್ಷೆಗಳನ್ನು ಮಾಡದೆ ಯಾವ ಹೆಸರನ್ನು ಹೇಳಬಾರದೆಂಬ ಬಗ್ಗೆ ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘ ನಿಯಮಾವಳಿಯನ್ನು ಹೊರಡಿಸಿ, ಅದನ್ನು ಮತ್ತೆ ಮತ್ತೆ ತಿದ್ದಬೇಕಾಗಿ ಬಂದಿರುವುದು ಅಕಾರಣವಲ್ಲ. 2015ರಲ್ಲಿ ಗ್ಲಿಪಿಕ್ಯಾನ್-1 ಎಂಬ ಪ್ರೋಟೀನನ್ನು ಎಕ್ಸೋಸೋಮುಗಳ ಮೇಲೆ ಹುಡುಕಿದರೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರನ್ನು ಎಳೆಯದರಲ್ಲೇ ಪತ್ತೆಹಚ್ಚಬಹುದೆಂಬ ವರದಿ ಬಂದು ಲೋಕವೆಲ್ಲ ಸಂಭ್ರಮಪಟ್ಟಿತು. ತರುವಾಯ ಬೇರೆ ಪ್ರಯೋಗಶಾಲೆಗಳವರು ಮಾಡಿ ನೋಡಿದಾಗ ಅಷ್ಟು ಸ್ಪಷ್ಟವಾದ ಫಲ ಸಿಕ್ಕಲಿಲ್ಲ.

ಈ ಸಂದರ್ಭದಲ್ಲಿ ನಮ್ಮ ಕಡೆ ಬಹಳ ಮಂದಿ ನಂಬಿರುವ ಒಂದು ಮಾತನ್ನು ಎತ್ತಬೇಕೆನಿಸುತ್ತದೆ. ಗಡ್ಡೆಗೆ ಕತ್ತಿ ತಾಗಿದರೆ, ಬಯಾಪ್ಸಿಗೆಂದು ಸೂಜಿ ಚುಚ್ಚಿದರೆ, ರೋಗ ಕೆರಳಿ ಮೈಗೆಲ್ಲ ಹರಡುತ್ತದೆಂದು ಹೆದರಿ, ನಾಟಿ ಮದ್ದು, ಪಥ್ಯ, ಹರಕೆಗಳಲ್ಲಿ ತಿಂಗಳುಗಳನ್ನು ಕಳೆದು, ಕಡೆಗೆ ಆಸ್ಪತ್ರೆಗೆ ಬರುವವರು ಒಬ್ಬಿಬ್ಬರಲ್ಲ. ಸೂಜಿಯ ದಾರಿಯಲ್ಲಿ ಕೋಶಗಳು ಉದುರಿ ಬೆಳೆಯುವುದು ಬಹು ಅಪರೂಪ. ಎಕ್ಸೋಸೋಮುಗಳ ವೃತ್ತಾಂತವನ್ನು ಬಲ್ಲವರಿಗೆ ಈ ಹೆದರಿಕೆ ಎಷ್ಟು ತಿರುಗುಮುರುಗಾದದ್ದೆಂದು ಗೊತ್ತಾಗದೆ ಇರದು. ಕತ್ತಿ ತಾಗಲಿ ಬಿಡಲಿ, ಗಡ್ಡೆ ಮೈಯೊಳಗಿರುವಷ್ಟು ದಿನವೂ ಅದರ ಚೀಲಗಳು ರಕ್ತಕ್ಕೆ ಹೊರಡುತ್ತಲೇ ಇರುತ್ತವೆ. ಮುಟ್ಟದೆ ಬಿಟ್ಟ ಗಡ್ಡೆ ತೆಪ್ಪಗಿರುವ ಗಡ್ಡೆಯಲ್ಲ.

ಈ ಜ್ಞಾನದಿಂದ ರೋಗಿಗೆ ಬಂದ ಪ್ರಯೋಜನವೇನೆಂದರೆ, ಸದ್ಯಕ್ಕೆ ಸ್ವಲ್ಪವೇ. ಪಿಎಸ್‌ಎ ಎಂಬ ಪ್ರೋಟೀನಿನ ಮಟ್ಟ ರಕ್ತದಲ್ಲಿ ಅನುಮಾನಕ್ಕೆಡೆಗೊಡುವಂತಿರುವ ಗಂಡಸರಿಗೆ ಪ್ರಾಸ್ಟೇಟಿನ ಬಯಾಪ್ಸಿ ಬೇಕೋ ಬೇಡವೋ ಎಂದು ತೀರ್ಮಾನಿಸಲು ನೆರವಾಗುವಂಥ, ಮೂತ್ರದ ಎಕ್ಸೋಸೋಮುಗಳ ಆರ್‌ಎನ್‌ಎಯನ್ನು ಅಳೆಯುವ ಪರೀಕ್ಷೆಯೊಂದು ಅಮೆರಿಕದಲ್ಲಿ ಬಳಕೆಯಲ್ಲಿದೆ. ಇತ್ತ ಹೊಶಿನೊ ಅವರ ಅಭ್ಯಾಸದಲ್ಲಿ, ಮುಂದೆ ಶ್ವಾಸಕೋಶಕ್ಕೆ ರೋಗ ಹರಡಿದ ರೋಗಿಗಳ ರಕ್ತದ ಎಕ್ಸೋಸೋಮುಗಳಲ್ಲಿ ಬೀಟಾ-4 ಹೆಚ್ಚಾಗಿಯೂ ಯಕೃತ್ತಿಗೆ ಹರಡಿದವರಲ್ಲಿ ಆಲ್ಫಾ-ವಿ ಹೆಚ್ಚಾಗಿಯೂ ಕಂಡಿದ್ದುವು. ರೋಗದ ಮುಂದಿನ ಪಯಣವನ್ನು ರಕ್ತದ ಹನಿಯಲ್ಲಿ ಓದುವ ಆಸೆ ಇಂಥವುಗಳಿಂದ ಚಿಗುರಿದೆಯಾದರೂ, ಹೆಚ್ಚು ಮಂದಿ ರೋಗಿಗಳಲ್ಲಿ ವರ್ಷಗಟ್ಟಲೆ ಪರೀಕ್ಷಿಸದೆ ಅದು ನಿತ್ಯದ ಚಿಕಿತ್ಸೆಗೆ ಬರಲಾರದು. ಚೀಲವನ್ನೇ ಔಷಧದ ವಾಹನವಾಗಿ ಮಾಡಿಕೊಂಡವರೂ ಉಂಟು: ಎಂ. ಡಿ. ಆ್ಯಂಡರ್‌ಸನ್ನಿನ ರಘು ಕಲ್ಲೂರಿ ಅವರ ತಂಡ, ಕ್ರಾಸ್ ಎಂಬ ಜೀನಿನ ವಿಕಾರವನ್ನು ಅಡಗಿಸುವ ಆರ್‌ಎನ್‌ಎಯನ್ನು ಸಾಧಾರಣ ಕೋಶಗಳ ಎಕ್ಸೋಸೋಮುಗಳೊಳಗೆ ತುಂಬಿ, ಮೇದೋಜೀರಕ ಗ್ರಂಥಿಯ ಕ್ಯಾನ್ಸರಿದ್ದ ಇಲಿಗಳ ಆಯುಸ್ಸನ್ನು ಹೆಚ್ಚಿಸಿದ್ದನ್ನು 2017ರಲ್ಲಿ ಪ್ರಕಟಿಸಿ, ಅನಂತರ ರೋಗಿಗಳಲ್ಲಿಯೂ ಅದರ ಪ್ರಯೋಗವನ್ನು ಕೈಗೊಂಡಿದೆ.

ಎಕ್ಸೋಸೋಮ್ ಎಂಬ ಹೆಸರನ್ನು ಇವರೆಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿರುವವರು ಬೇರೆಯವರು. ಮುಖದ ಕಾಂತಿಗೆ, ಉದುರಿದ ಕೂದಲಿಗೆ, ಸವೆದ ಮಂಡಿಗೆ ಎಕ್ಸೋಸೋಮ್ ಚಿಕಿತ್ಸೆಯೆಂದು ಜಾಹೀರಾತು ಮಾಡುವ ಸೌಂದರ್ಯಾಲಯಗಳು ಈಗ ನಮ್ಮ ಊರುಗಳಲ್ಲಿಯೂ ತೆರೆದುಕೊಂಡಿವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ನೆಬ್ರಾಸ್ಕ ರಾಜ್ಯದಲ್ಲಿ ಎಕ್ಸೋಸೋಮ್ ಎಂದು ಹೇಳಿ ಕೊಟ್ಟ ಪದಾರ್ಥಗಳಿಂದ ಹಲವರು ತೀವ್ರ ತೊಂದರೆಗೊಳಗಾದ ವರದಿ ಬಂದ ಮೇಲೆ, 2019ರ ಡಿಸೆಂಬರಿನಲ್ಲಿ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟು, ತಾನು ಅನುಮೋದಿಸಿದ ಎಕ್ಸೋಸೋಮ್ ಉತ್ಪನ್ನ ಒಂದೂ ಇಲ್ಲವೆಂದು ತಿಳಿಸಿತು. ಆ ಶೀಶೆಯೊಳಗಿನ ಚೀಲಗಳು ಯಾವ ಕೋಶದಿಂದ ಬಂದವು, ಅವುಗಳೊಳಗೆ ಏನೇನಿದೆ, ಶುದ್ಧಿಯನ್ನು ಯಾರು ಪರೀಕ್ಷಿಸಿದರು ಎಂಬ ಮೂರನ್ನೂ ಕೇಳಿ ಉತ್ತರ ಪಡೆಯುವವರೆಗೆ ಯಾರೂ ತೋಳು ಚಾಚದಿರುವುದು ಒಳ್ಳೆಯದು.